ಬುಡಾಪೆಸ್ಟ್‌ನಲ್ಲಿ ಕುರ್ತಾಗ್ ಕೇಳುತ್ತಾ ನಡೆದ ದಿನ

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವುದು ಬುಡಾಪೆಸ್ಟ್‌ನ ಲಿಸ್ಟ್ ಸಂಗೀತ ಅಕಾಡೆಮಿ. ಬಾಗಿಲಿನ ಮೇಲ್ಗಡೆ ಕುರ್ಚಿ ಹಾಕಿಕೊಂಡು ಕೂತ ಮೂರ್ತಿ ಇದೆಯಲ್ಲ, ಅವರೇ ಪಿಯಾನೋ ವಾದಕ, ಸಂಯೋಜಕ ಫ್ರಾಂಜ್ ಲಿಸ್ಟ್. ನಾನು ಬಂದಿರುವುದು ಮಾತ್ರ ಅವರಿಗಾಗಿ ಅಲ್ಲ, ಹಂಗೇರಿಯ ಸಂಗೀತ ಸಂಯೋಜಕ ಜ್ಯೋರ್ಜ್ ಕುರ್ತಾಗ್ ಅವರಿಗಾಗಿ.

1945ರ ಸೆಪ್ಟೆಂಬರ್. ಯುದ್ಧ ಮುಗಿದು ಕೆಲವೇ ತಿಂಗಳು. ಪ್ರವೇಶ ಪರೀಕ್ಷೆಗೆ ಅಂತ ಇಬ್ಬರು ಹುಡುಗರು ಇದೇ ಕಟ್ಟಡಕ್ಕೆ ಬಂದರು. ಒಬ್ಬರು ಕುರ್ತಾಗ್, ಹತ್ತೊಂಬತ್ತು ವರ್ಷ, ರೊಮೇನಿಯಾದ ಲುಗೋಜ್ ಊರಿನವರು. ಇನ್ನೊಬ್ಬರು ಅವರಿಗಿಂತ ಮೂರು ವರ್ಷ ದೊಡ್ಡವರಾದ, ಮುಂದೆ ದೊಡ್ಡ ಸಂಯೋಜಕರೇ ಆದ ಲಿಗೆತಿ. ಹಂಗೇರಿಯ ಹೆಸರಾಂತ ಸಂಯೋಜಕ ಬಾರ್ತೋಕ್ ಅಮೆರಿಕದಿಂದ ವಾಪಸ್ ಬರುತ್ತಾರೆ, ಅವರ ಹತ್ತಿರ ಕಲಿಯಬೇಕು ಅನ್ನುವುದು ಇಬ್ಬರ ಆಸೆ. ಆದರೆ ಅಕಾಡೆಮಿಯ ಮೇಲೆ ಕಪ್ಪು ಬಾವುಟ ಹಾರುತ್ತಿತ್ತು. ಬಾರ್ತೋಕ್ ನ್ಯೂಯಾರ್ಕ್‌ನಲ್ಲಿ ತೀರಿಕೊಂಡಿದ್ದರು. ಗುರು ಸಿಗಲಿಲ್ಲ, ಬದಲಿಗೆ ಜೀವನಪೂರ್ತಿಯ ಒಬ್ಬ ಗೆಳೆಯ ಸಿಕ್ಕ. ಮುಂದೆ ಕುರ್ತಾಗ್ ಇಲ್ಲೇ ಎಷ್ಟೋ ವರ್ಷ ಪಾಠ ಹೇಳಿದರು. ಪಿಯಾನೋ ವಾದಕರಾದ ಆಂಡ್ರಾಸ್ ಶಿಫ್, ಜೋಲ್ತಾನ್ ಕೋಚಿಶ್ ಇಬ್ಬರೂ ಇವರ ಕೈಕೆಳಗೆ ಕಲಿತವರು.

ಬನ್ನಿ, ನಡೆಯೋಣ. ಇಲ್ಲಿಂದ ಕಾಲ್ವಿನ್ ಚೌಕದ ಕಡೆಗೆ ಹೋಗಬೇಕು. ಟ್ರಾಮ್ ಇದೆ, ಆದರೆ ಇವತ್ತು ನಡೆಯಲೇಬೇಕು. ಯಾಕೆ ಅಂತ ಹೇಳುತ್ತೇನೆ.

1957ರಲ್ಲಿ ಕುರ್ತಾಗ್ ಪ್ಯಾರಿಸ್‌ಗೆ ಹೋದರು. ಫ್ರೆಂಚ್ ಸಂಯೋಜಕರಾದ ಮೆಸ್ಸಿಯಾನ್ ಮತ್ತು ಮಿಯೋ ಅವರ ತರಗತಿಗಳಲ್ಲಿ ಕೂತರು. ಆದರೆ ಒಳಗಿನಿಂದ ಸಂಗೀತ ಬರುತ್ತಿರಲಿಲ್ಲ. ಖಿನ್ನತೆ. ಬೆಂಕಿಕಡ್ಡಿಗಳನ್ನು ಜೋಡಿಸಿ ಆಕಾರಗಳನ್ನು ಮಾಡುತ್ತಾ ಕೂರುತ್ತಿದ್ದರು. ಆಗ ಅವರ ಕೈ ಹಿಡಿದವರು ಮರಿಯಾನ್ ಸ್ಟೈನ್ ಎಂಬ ಮನಃಶಾಸ್ತ್ರಜ್ಞೆ. ದೊಡ್ಡದೇನೂ ಬೇಡ, ಸುಮ್ನೆ ಎರಡು ಸ್ವರಗಳನ್ನು ಜೋಡಿಸಿ ನೋಡಿ ಅಂದರು. ಅಷ್ಟೇ. ಅಲ್ಲಿಂದ ಕುರ್ತಾಗ್ ಮತ್ತೆ ಶುರುಮಾಡಿದರು. 1959ರಲ್ಲಿ ಬಂದ ಸ್ಟ್ರಿಂಗ್ ಕ್ವಾರ್ಟೆಟ್‌ಗೆ, ಅಂದರೆ ನಾಲ್ಕು ತಂತಿವಾದ್ಯಗಳ ಕೃತಿಗೆ, ಓಪಸ್ ಒಂದು (ಮೊದಲ ಕೃತಿ) ಅಂತ ನಂಬರ್ ಕೊಟ್ಟು, ಅದನ್ನು ಸ್ಟೈನ್ ಅವರಿಗೇ ಅರ್ಪಿಸಿದರು. ಆಗ ಅವರಿಗೆ 33 ವರ್ಷ. ಅದಕ್ಕೆ ಮುಂಚೆ ಬರೆದದ್ದಕ್ಕೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ.

ನಡೆಯೋಣ ಅಂದಿದ್ದು ಇದಕ್ಕೆ. ಈಗ ನನ್ನ ಕಿವಿಯಲ್ಲಿರುವುದು ಕುರ್ತಾಗ್ ಅವರ 'ಕಾಫ್ಕಾ ಫ್ರಾಗ್ಮೆಂಟ್ಸ್'. ಒಬ್ಬ ಗಾಯಕಿ, ಒಂದು ವಯಲಿನ್, ಬೇರೆ ಯಾರೂ ಇಲ್ಲ. ಲೇಖಕ ಕಾಫ್ಕಾ ಅವರ ಡೈರಿ, ಪತ್ರಗಳಿಂದ ಆಯ್ದ ಸಾಲುಗಳಿಗೆ 1985ರಿಂದ 87ರವರೆಗೆ ಬರೆದ 40 ತುಣುಕುಗಳು. ಕೆಲವು ಅರ್ಧ ನಿಮಿಷವೂ ಇಲ್ಲ. ಎಲ್ಲ ಸೇರಿ ಸುಮಾರು ಒಂದು ಗಂಟೆ. ಮೊದಲ ತುಣುಕಿನ ಮಾತು ಹೀಗಿದೆ: ಒಳ್ಳೆಯವರು ಒಂದೇ ಹೆಜ್ಜೆಯಲ್ಲಿ ನಡೆಯುತ್ತಾರೆ, ಅವರ ಬಗ್ಗೆ ಏನೂ ತಿಳಿಯದ ಉಳಿದವರು ಅವರ ಸುತ್ತಲೂ ಕಾಲದ ಕುಣಿತ ಕುಣಿಯುತ್ತಾರೆ. ವಯಲಿನ್ ಏನು ಮಾಡುತ್ತದೆ ಗೊತ್ತಾ? ಸಿ, ಡಿ, ಸಿ, ಡಿ. ನಮ್ಮ ಲೆಕ್ಕದಲ್ಲಿ ಸ, ರಿ, ಸ, ರಿ ಅಂದುಕೊಳ್ಳಿ. ಎಡಗಾಲು, ಬಲಗಾಲು. ಗಾಯಕಿಯ ದನಿ ಆ ಹೆಜ್ಜೆಯನ್ನು ಬಿಟ್ಟು ಕುಣಿಯಲು ಹೋಗುತ್ತದೆ, ವಯಲಿನ್ ಮಾತ್ರ ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ. ಸ್ಟೈನ್ ಕೊಟ್ಟ ಆ ಎರಡು ಸ್ವರಗಳು ಸುಮಾರು 30 ವರ್ಷ ಆದ ಮೇಲೂ ಇವರನ್ನು ಬಿಟ್ಟಿಲ್ಲ ಅಂತ ನನಗೆ ಪ್ರತಿಸಲ ಅನ್ನಿಸುತ್ತದೆ. ಮೊದಲ ಪ್ರದರ್ಶನದಲ್ಲಿ ಇದ್ದವರು ಆಡ್ರಿಯೆನ್ ಚೆಂಗೆರಿ ಮತ್ತು ಆಂಡ್ರಾಸ್ ಕೆಲರ್. ಕೆಲರ್ ಆಮೇಲೆ ಯೂಲಿಯಾನೆ ಬಾನ್ಸೆ ಜೊತೆ ಇಸಿಎಂ ಕಂಪನಿಗೆ ಮಾಡಿದ ರೆಕಾರ್ಡಿಂಗ್ ನಾನು ಕೇಳುತ್ತಿರುವುದು.

ಹೊರಗಿನ ಜಗತ್ತಿಗೆ ಕುರ್ತಾಗ್ ಹೆಸರು ಗೊತ್ತಾಗಿದ್ದು ತಡವಾಗಿ. 1981ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ಸಂಯೋಜಕ ಬೂಲೆಜ್ ಅವರ ಆನ್ಸಾಂಬ್ಲ್ ಆಂತೆರ್ಕೋಂತೆಂಪೊರೆನ್ ತಂಡ ಇವರ ತ್ರೂಸೋವಾ ಕೃತಿಯನ್ನು ನುಡಿಸಿತು. ರಷ್ಯನ್ ಕವಿತೆಗಳಿಗೆ ಮಾಡಿದ ಹಾಡುಗಳು ಅವು. ಆಗ ಇವರಿಗೆ 54, 55. ಆಮೇಲೆ ಪ್ರಶಸ್ತಿಗಳು ಬಂದವು: 1998ರಲ್ಲಿ ಸೀಮೆನ್ಸ್ ಸಂಗೀತ ಪ್ರಶಸ್ತಿ, 2006ರಲ್ಲಿ ಗ್ರಾವೆಮೈಯರ್.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. 'ಯಾತೇಕೋಕ್'. ಹಂಗೇರಿಯನ್‌ನಲ್ಲಿ ಆಟಗಳು ಅಂತ ಅರ್ಥ. 1973ರಲ್ಲಿ ಪಿಯಾನೋ ಕಲಿಯುವ ಮಕ್ಕಳಿಗಾಗಿ ಶುರುವಾದದ್ದು, ಪುಸ್ತಕದ ಮೇಲೆ ಪುಸ್ತಕ ಬೆಳೆಯುತ್ತಾ ಹೋಯಿತು. ಪಿಯಾನೋ ಇನ್ನೂ ಆಟದ ಸಾಮಾನು ಆಗಿರುವ ಮಗುವನ್ನು ನೆನೆಸಿಕೊಳ್ಳಿ. ಅಂಗೈಯಲ್ಲಿ ಬಡಿಯುತ್ತದೆ, ಮೊಣಕೈ ಊರುತ್ತದೆ, ಬೆರಳನ್ನು ಈ ತುದಿಯಿಂದ ಆ ತುದಿಗೆ ಜಾರಿಸುತ್ತದೆ. ನಾವಾದರೆ ಬೇಡ ಪುಟ್ಟಾ, ಹಾಳಾಗುತ್ತೆ ಅನ್ನುತ್ತೇವೆ ಅಲ್ವಾ? ಕುರ್ತಾಗ್ ಅದನ್ನೇ ಪಾಠ ಮಾಡಿದರು. ಒಂದು ತುಣುಕಿನಲ್ಲಿ ಬರೀ ಜಾರಿಸುವುದೇ, ಬೇರೆ ಏನೂ ಇಲ್ಲ. ಇನ್ನೊಂದರ ಹೆಸರು 'ಮನುಷ್ಯ ಒಂದು ಹೂವು'. ಅದರ ಮೊದಲ ರೂಪದಲ್ಲಿ ಇರುವುದು ಏಳೇ ಏಳು ಸ್ವರ. ಒಂದು ಸ್ವರ ನುಡಿಸಿ ಅದು ಪೂರ್ತಿ ಆರುವ ತನಕ ಕಾಯಬೇಕು.

ಈ ಆಟಗಳನ್ನು ಕುರ್ತಾಗ್ ತಮ್ಮ ಹೆಂಡತಿ ಮಾರ್ತಾ ಜೊತೆ ನುಡಿಸುತ್ತಿದ್ದರು. ಮಾರ್ತಾ ಕೂಡ ಪಿಯಾನೋ ವಾದಕಿ. 1947ರಲ್ಲಿ ಮದುವೆ. ಕಚೇರಿಗಳಲ್ಲಿ ಇವರಿಬ್ಬರು ಕೂರುತ್ತಿದ್ದದ್ದು ದೊಡ್ಡ ಗ್ರ್ಯಾಂಡ್ ಪಿಯಾನೋ ಮುಂದೆ ಅಲ್ಲ. ಮನೆಯಲ್ಲಿ ಗೋಡೆಗೆ ಒತ್ತಿ ಇಡುವ ಪಿಯಾನೋ ಇರುತ್ತದಲ್ಲ, ಅದರ ಮುಂದೆ, ಜನರಿಗೆ ಬೆನ್ನು ಹಾಕಿ. ಅದರಲ್ಲಿ ಒಂದು ಪೆಡಲ್ ಒತ್ತಿದರೆ ತಂತಿಗೂ ಸುತ್ತಿಗೆಗೂ ನಡುವೆ ದಪ್ಪ ಬಟ್ಟೆಯ ಪಟ್ಟಿ ಬರುತ್ತದೆ. ದನಿ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳುತ್ತದೆ. ಆ ಆಟಗಳ ನಡುನಡುವೆ ಬಾಖ್ ಕೃತಿಗಳನ್ನು ನಾಲ್ಕು ಕೈಗಳಿಗೆ ಕುರ್ತಾಗ್ ಹೊಂದಿಸಿದ್ದೂ ಬರುತ್ತವೆ. ಒಬ್ಬರ ಕೈ ಇನ್ನೊಬ್ಬರ ಕೈ ಮೇಲಿಂದ ದಾಟಿ ಹೋಗುತ್ತದೆ. ವಯಸ್ಸಾದ ನಾಲ್ಕು ಕೈಗಳು, ಒಂದಕ್ಕೊಂದು ತಾಗದ ಹಾಗೆ, ತಾಗಿದರೂ ಬೇಸರವಿಲ್ಲದ ಹಾಗೆ. ಮೊದಲ ಸಲ ವಿಡಿಯೋ ನೋಡಿದಾಗ ನಾನು ಅಡುಗೆಮನೆಯಲ್ಲಿ ನಿಂತಿದ್ದೆ, ಒಲೆ ಆರಿಸಿ ಬಂದು ಕೂತುಬಿಟ್ಟೆ.

ಇದೇ ಕಟ್ಟಡ, ಮಾತ್ಯಾಶ್ ರಸ್ತೆಯ ಬುಡಾಪೆಸ್ಟ್ ಮ್ಯೂಸಿಕ್ ಸೆಂಟರ್. ಫ್ರಾನ್ಸ್‌ನಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಇದ್ದು, 2015ರಲ್ಲಿ ಗಂಡ ಹೆಂಡತಿ ಇಲ್ಲಿಗೆ ಬಂದು ನೆಲೆಸಿದರು. 'ಫಿನ್ ದೆ ಪಾರ್ತಿ' ಒಪೆರಾ ಮುಗಿದದ್ದು ಇಲ್ಲಿ. ಅದಕ್ಕೆ ಆಧಾರವಾದ, ನಾಟಕಕಾರ ಬೆಕೆಟ್ ಅವರ ಅದೇ ಹೆಸರಿನ ನಾಟಕವನ್ನು ಕುರ್ತಾಗ್ 1957ರಲ್ಲಿ ಪ್ಯಾರಿಸ್‌ನಲ್ಲಿ ನೋಡಿದ್ದರು. 2018ರ ನವೆಂಬರ್ 15ರಂದು ಮಿಲಾನ್‌ನ ಲಾ ಸ್ಕಾಲಾದಲ್ಲಿ ಮೊದಲ ಪ್ರದರ್ಶನ. 92ನೇ ವಯಸ್ಸಿನಲ್ಲಿ ಮೊದಲ ಒಪೆರಾ! ಮಿಲಾನ್ ತನಕ ಹೋಗುವ ಶಕ್ತಿ ಇರಲಿಲ್ಲ, ಹಾಗಾಗಿ ಗಾಯಕರೇ ಅಭ್ಯಾಸಕ್ಕೆ ಬುಡಾಪೆಸ್ಟ್‌ಗೆ ಬಂದರು. ಮುಂದಿನ ವರ್ಷ, 2019ರ ಅಕ್ಟೋಬರ್‌ನಲ್ಲಿ, ಮಾರ್ತಾ ತೀರಿಕೊಂಡರು. 72 ವರ್ಷದ ಸಂಸಾರ.

ಎಲ್ಲಿಂದ ಕೇಳಲು ಶುರುಮಾಡಬೇಕು ಅಂತ ನೀವು ಕೇಳುತ್ತೀರಿ. ಡಚ್ ಕಂಡಕ್ಟರ್ ರೈನ್‌ಬರ್ಟ್ ದೆ ಲೇವ್ ನಡೆಸಿಕೊಟ್ಟ ಮೂರು ಸಿಡಿಗಳ ಸೆಟ್ 2017ರಲ್ಲಿ ಬಂತು. ವಾದ್ಯತಂಡ ಮತ್ತು ಗಾಯನತಂಡಕ್ಕೆ ಬರೆದ ಕೃತಿಗಳೆಲ್ಲ ಅದರಲ್ಲಿವೆ. ಅದ್ಭುತ ಕೆಲಸ, ಆದರೆ ಮೊದಲಿಗೆ ಅದು ಬೇಡ. ಕುರ್ತಾಗ್, ಮಾರ್ತಾ ಇಬ್ಬರೂ ಸೇರಿ ನುಡಿಸಿದ, 1997ರಲ್ಲಿ ಇಸಿಎಂನಿಂದ ಬಂದ 'ಯಾತೇಕೋಕ್' ಹಾಕಿ. ಮನೆಯವರೆಲ್ಲ ಮಲಗಿದ ಮೇಲೆ ಹಾಕಿ. ದನಿ ಜಾಸ್ತಿ ಮಾಡಬೇಡಿ, ಫ್ಯಾನ್ ಆರಿಸಿ. ಹಕ್ಕಿನ ಕಾರಣಕ್ಕೆ ಆ ರೆಕಾರ್ಡಿಂಗ್ ಈ ವಿಡಿಯೋದಲ್ಲಿ ಸೇರಿಸಲು ಆಗುವುದಿಲ್ಲ. ನಾನು ಎದುರಿನ ಕಟ್ಟೆ ಮೇಲೆ ಕೂತು ಕೇಳುತ್ತೇನೆ. ಕ್ಯಾಮೆರಾ ಆ ಕಿಟಕಿಗಳ ಕಡೆಗೇ ಇರಲಿ.