ಶಾರ್ಕ್ ಫಿನ್ ಒಳಗಿನ ಜಗಳ

ಕಾರಿನ ಛಾವಣಿಯ ಹಿಂಬದಿಯಲ್ಲಿ ಮೀನಿನ ರೆಕ್ಕೆಯಂಥ ಪ್ಲಾಸ್ಟಿಕ್ ಗೂಡು ಇರುತ್ತಲ್ವಾ? ಅದೇ ಶಾರ್ಕ್ ಫಿನ್. ಜಿಪಿಎಸ್ ಮತ್ತು ಮೊಬೈಲ್ ಸಿಗ್ನಲ್ ಹಿಡಿಯುವ ಆಂಟೆನಾಗಳು ಅದರೊಳಗೇ ಇರುತ್ತವೆ. ಕಾರಿನ ಅಂದ ನೋಡುವವರಿಗೆ ಅದೊಂದು ಕಿರಿಕಿರಿ. ಇನ್ನೂ ಚಿಕ್ಕದು ಮಾಡಿ, ಆಗದಿದ್ದರೆ ಡ್ಯಾಶ್‌ಬೋರ್ಡ್ ಕೆಳಗೆ ತುರುಕಿಬಿಡಿ ಅನ್ನುತ್ತಾರೆ. ನಾನು ಇದಕ್ಕೆ ಪೂರ್ತಿ ವಿರೋಧಿ.

ಫಿನ್ ಬಿಚ್ಚಿ ನೋಡಿ. ಅಂಚೆಚೀಟಿಯಷ್ಟು ದೊಡ್ಡ ಸೆರಾಮಿಕ್ ಬಿಲ್ಲೆ ಕಾಣುತ್ತದೆ, ಅಗಲ ಸುಮಾರು 25 ಮಿ.ಮೀ. ಅದೇ ಜಿಪಿಎಸ್ ಆಂಟೆನಾ. ಮೇಲೆ ಬೆಳ್ಳಿಯ ಲೇಪ. ಆ ಲೇಪದ ಎದುರುಬದುರು ಮೂಲೆಗಳನ್ನು ಹಲವು ಬಿಲ್ಲೆಗಳಲ್ಲಿ ಚೂರು ಕತ್ತರಿಸಿರುತ್ತಾರೆ. ಅದು ತಯಾರಿಕೆಯ ತಪ್ಪಲ್ಲ. ಜಿಪಿಎಸ್ ಅಲೆ ಬಲಕ್ಕೆ ತಿರುಗುತ್ತಾ ಬರುತ್ತದೆ, ಆ ತಿರುಗುವಿಕೆಯನ್ನು ಹಿಡಿಯೋದು ಈ ಕತ್ತರಿಸಿದ ಮೂಲೆಗಳೇ. ಕಟ್ಟಡಕ್ಕೆ ಬಡಿದು ಬರುವ ಅಲೆ ಸಾಮಾನ್ಯವಾಗಿ ಎಡಕ್ಕೆ ತಿರುಗಿರುತ್ತದೆ. ಒಳ್ಳೆಯ ಬಿಲ್ಲೆ ಅದನ್ನು ಬಹುಪಾಲು ಹೊರಗೇ ನಿಲ್ಲಿಸುತ್ತದೆ. ಎಂಥ ಚಂದದ ಉಪಾಯ ನೋಡಿ!

ಆದರೆ ಜಿಪಿಎಸ್ ಅಲೆಯ ಉದ್ದ 19 ಸೆಂ.ಮೀ. ಬಿಲ್ಲೆ ಅದರ ಅರ್ಧದಷ್ಟಿರಬೇಕು. ಅದನ್ನು 25 ಮಿ.ಮೀ.ಗೆ ಇಳಿಸಿದ್ದು ಸೆರಾಮಿಕ್. ಸುಮ್ನೆ ಅಲ್ಲ, ಬೆಲೆ ತೆತ್ತು. ಬಿಲ್ಲೆ ಕೆಲಸ ಮಾಡುವ ಆವರ್ತನಗಳ ಪಟ್ಟಿ ಎಷ್ಟು ಕಿರಿದಾಗುತ್ತದೆ ಅಂದರೆ, ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದೇ ತಡ, ಶ್ರುತಿ (ಅದು ಹೊಂದಿಕೊಂಡ ಆವರ್ತನ) ಕೆಳಕ್ಕೆ ಜಾರುತ್ತದೆ. ಹಾಗಾಗಿ ಮುಚ್ಚಳ ಹಾಕಿಯೇ ಶ್ರುತಿ ಮಾಡಬೇಕು. ಬರೀ ಮೇಜಿನ ಮೇಲೆ ಅಳೆದು ಖುಷಿಪಟ್ಟವರಿಗೆ ಕಾರಿನಲ್ಲಿ ಗೊತ್ತಾಗುತ್ತದೆ.

ಮೊಬೈಲ್ ಸಿಗ್ನಲ್ ಕಥೆ ಇನ್ನೂ ಕಷ್ಟ. ಆಂಟೆನಾ ತಂತಿ ಸಾಮಾನ್ಯವಾಗಿ ಅಲೆಯ ಕಾಲು ಭಾಗದಷ್ಟು ಉದ್ದ ಇರಬೇಕು, 700 ಮೆಗಾಹರ್ಟ್ಸ್‌ನಲ್ಲಿ ಕಾಲು ಅಲೆ ಅಂದರೇ ಸುಮಾರು 11 ಸೆಂ.ಮೀ. ಫಿನ್ ಎತ್ತರ ಆರೇಳು ಸೆಂ.ಮೀ. ತಂತಿಯನ್ನು ಮಡಚಬಹುದು, ಸುತ್ತಬಹುದು. ಆದರೆ ಆಂಟೆನಾ ಕುಗ್ಗಿದಷ್ಟೂ ಪಟ್ಟಿಯಗಲ ಇಲ್ಲವೇ ದಕ್ಷತೆ ಕೈಬಿಡಬೇಕು. ಆಂಟೆನಾ ತಜ್ಞರಾದ ವೀಲರ್ 1947ರಲ್ಲಿ, ಚು 1948ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿಬಿಟ್ಟಿದ್ದಾರೆ. ಯಾವ ಸಾಫ್ಟ್‌ವೇರ್ ಅಪ್‌ಡೇಟ್ ಬಂದರೂ ಆ ಗೆರೆ ದಾಟಲ್ಲ. ಜೊತೆಗೆ ಈಗ ಒಂದಲ್ಲ, ಕನಿಷ್ಠ ಎರಡು ಮೊಬೈಲ್ ಆಂಟೆನಾ ಬೇಕು. ಅವೂ ಒಂದಕ್ಕೊಂದು ಅಡ್ಡ ಬರಬಾರದು.

ಇನ್ನು ಅಸಲಿ ಜಗಳ. ಕಾರಿನ ಎಲ್‌ಟಿಇ (4ಜಿ) ಮೋಡೆಮ್ 200 ಮಿಲಿವಾಟ್‌ವರೆಗೂ ಕೂಗುತ್ತದೆ. ಉಪಗ್ರಹ 20,000 ಕಿ.ಮೀ. ಮೇಲಿಂದ ಪಿಸುಗುಟ್ಟುತ್ತದೆ. ಆ ಕೂಗು ಈ ಪಿಸುಮಾತಿಗಿಂತ ಸುಮಾರು 20 ಕೋಟಿ ಕೋಟಿ ಪಟ್ಟು ಜೋರು. ಇಬ್ಬರನ್ನೂ ಕೆಲವೇ ಸೆಂ.ಮೀ. ದೂರದಲ್ಲಿ ಕೂರಿಸಿದ್ದೇವೆ! ಕೆಲವು ಜಾಲಗಳಲ್ಲಿ ಮೋಡೆಮ್ 777ರಿಂದ 787 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ. ಹೀಗೆ ಮಾತಾಡುವಾಗ ದುಪ್ಪಟ್ಟು ಆವರ್ತನದಲ್ಲೂ ಚೂರು ಸದ್ದು ಸೋರುತ್ತದೆ. ಇಲ್ಲಿ ಆ ದುಪ್ಪಟ್ಟು 1554ರಿಂದ 1574. ಜಿಪಿಎಸ್ ಇರುವುದು 1575.42ರಲ್ಲಿ, ಗೋಡೆಯಾಚೆಗೇ. ಫಿಲ್ಟರ್ ಹಾಕುತ್ತೇವೆ, ನಿಜ. ಆದರೆ ಎಲ್ಲಕ್ಕಿಂತ ಅಗ್ಗದ ಫಿಲ್ಟರ್ ದೂರ. ಚಿಕ್ಕದು ಮಾಡಿ ಅಂದಾಗ ಕಿತ್ತುಕೊಳ್ಳುವುದು ಅದನ್ನೇ.

ಡ್ಯಾಶ್‌ಬೋರ್ಡ್ ಕೆಳಗೆ ಇಟ್ಟರೆ? ಜಿಪಿಎಸ್ ಒಂದಕ್ಕೆ ನಡೆದೀತು, ಗಾಜಿನ ಮೂಲಕ ಆಕಾಶ ಕಂಡರೆ. ಆದರೆ ಬಿಸಿಲು ತಡೆಯಲು ಗಾಜಿಗೆ ತೆಳು ಲೋಹದ ಲೇಪ ಕೊಟ್ಟಿದ್ದರೆ ಅದೂ ಕಷ್ಟ. ಛಾವಣಿಯ ತಗಡು ಆಂಟೆನಾಗೆ ಪುಕ್ಕಟೆ ಸಿಗುವ ನೆಲ, ಅಂದರೆ ಅದರ ಕೆಲಸಕ್ಕೆ ಬೇಕಾದ ಲೋಹದ ತಳ. ಅದನ್ನು ಬಿಟ್ಟು ಕೆಳಗಿಳಿಯಿರಿ ಅನ್ನುವವರು ಮೊದಲು ಫಿನ್‌ಗೆ ಇನ್ನೂ ಎರಡು ಸೆಂ.ಮೀ. ಉದ್ದ ಕೊಟ್ಟು ನೋಡಲಿ. ಕಾರು ಅಷ್ಟೇನೂ ಕುರೂಪ ಆಗಲ್ಲ.