ಗೊರಟೆಯನ್ನೂ ಎಸೆಯದ ಅಡುಗೆಮನೆ

ಕೇಳುಗರಿಗೆಲ್ಲ ನಮಸ್ಕಾರ.

ಬೋರ್ನಿಯೋ ದ್ವೀಪದ ಉತ್ತರದ ತುದಿಯಲ್ಲಿ ಸಬಾ ಅಂತ ಒಂದು ರಾಜ್ಯ ಇದೆ. 1963ರಿಂದ ಅದು ಮಲೇಶಿಯಾದ ಭಾಗ. ಅದರ ರಾಜಧಾನಿ ಕೋಟಾ ಕಿನಾಬಾಲು. ಅಲ್ಲಿಂದ ಸ್ವಲ್ಪ ದೂರ ಹೋದರೆ ಪೆನಾಂಪಾಂಗ್ ಸೀಮೆಯ ಡೊಂಗ್ಗೊಂಗೊನ್ ಎಂಬ ಊರು ಸಿಗುತ್ತದೆ. ಗುರುವಾರ ಮತ್ತು ಶುಕ್ರವಾರ ಅಲ್ಲಿ ಸಂತೆ. ಸಂತೆಗೆ ಅವರು ತಾಮು ಎನ್ನುತ್ತಾರೆ. ಕೆಲಸದ ಮೇಲೆ ಆ ಕಡೆ ಹೋಗಿದ್ದಾಗ ಒಂದು ಬೆಳಗ್ಗೆ ಆ ಸಂತೆಗೆ ಹೋಗಿದ್ದೆ. ಜೊತೆಗೆ ಅಲ್ಲಿಯವರೇ ಆದ ಒಬ್ಬ ಗೆಳೆಯರಿದ್ದರು, ದುಸುನ್ ಮನೆತನದವರು. ಇವತ್ತು ಹೇಳುವುದು ಆ ಸಂತೆಯ ಕಥೆ, ಆಮೇಲೆ ಆ ಗೆಳೆಯರ ಮನೆಯ ಊಟದ ಕಥೆ.

ಸಬಾದ ಮೂಲನಿವಾಸಿಗಳಲ್ಲಿ ಕಡಜಾನ್ ಮತ್ತು ದುಸುನ್ ಜನರದೇ ದೊಡ್ಡ ಸಮುದಾಯ. ಇಬ್ಬರೂ ಒಂದೇ ಬಳ್ಳಿಯ ಜನ. ಕರಾವಳಿಯ ಗದ್ದೆ ಬಯಲಿನವರು ಹೆಚ್ಚಾಗಿ ಕಡಜಾನ್ ಎಂದು ಹೇಳಿಕೊಳ್ಳುತ್ತಾರೆ, ಬೆಟ್ಟದ ಕಡೆಯವರು ದುಸುನ್ ಎನ್ನುತ್ತಾರೆ. ಮಲಯ ಭಾಷೆಯಲ್ಲಿ ದುಸುನ್ ಅಂದರೆ ಹಣ್ಣಿನ ತೋಟ. ಹೊರಗಿನವರು ಇಟ್ಟ ಹೆಸರು ಅದು. ಅವರ ಊರುಗಳ ನಡುವೆ 4,095 ಮೀಟರ್ ಎತ್ತರದ ಕಿನಾಬಾಲು ಬೆಟ್ಟ ನಿಂತಿದೆ. ರಾನಾವು, ತಂಬುನಾನ್, ಕೆನಿಂಗಾವು, ಇವೆಲ್ಲ ಒಳನಾಡಿನ ದುಸುನ್ ಸೀಮೆಗಳು. ಮಳೆ, ಕಾಡು, ಭತ್ತ, ಹೊಳೆಮೀನು. ಮಲೆನಾಡಿನವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದುಸುನ್ ಊಟ ಅಂದ ಕೂಡಲೇ ಎಲ್ಲರೂ ತೋರಿಸುವುದು ಒಂದು ಹುಳುವನ್ನು. ಅದರ ಹೆಸರು ಬುಟೊಡ್. ಬೆರಳಿನಷ್ಟು ದಪ್ಪ, ಬೆಳ್ಳಗೆ, ಕೊಬ್ಬಿದ ಹುಳು. ಪ್ರವಾಸಿಗರು ಅದನ್ನು ಬಾಯಿಗೆ ಹಾಕಿಕೊಂಡು ಕಿರುಚುವುದನ್ನು ನೀವೂ ವಿಡಿಯೋದಲ್ಲಿ ನೋಡಿರಬಹುದು. ನನಗೆ ಅದನ್ನು ನೋಡಿದರೆ ಬೇಜಾರಾಗುತ್ತದೆ. ಒಂದು ಜನಾಂಗದ ಇಡೀ ಅಡುಗೆಯ ಜಾಣತನವನ್ನು ಬಿಟ್ಟು, ಒಂದು ಹುಳುವನ್ನು ಹಿಡಿದುಕೊಂಡು ನಗುತ್ತಾ ಕೂರುವುದು ಸರಿಯಲ್ಲ.

ಆ ಹುಳು ನಮಗೆ ಹೊಸದೂ ಅಲ್ಲ. ತೆಂಗಿನ ತೋಟ ಇರುವವರು ಅದನ್ನು ಕಂಡರೆ ಹಲ್ಲು ಕಡಿಯುತ್ತಾರೆ. ಕೆಂಪು ಮೂತಿ ಹುಳು ಅನ್ನುತ್ತೇವಲ್ಲ, ಮರದ ಒಳಗೆ ಕೊರೆದು ಸುಳಿಯನ್ನೇ ಕೊಲ್ಲುವಂಥದ್ದು, ಅದರದೇ ಮರಿ ಈ ಬುಟೊಡ್. ಅಲ್ಲಿ ಸಾಗು ಎಂಬ ಒಂದು ತಾಳೆ ಜಾತಿಯ ಮರ ಇದೆ. ಅದರ ಕಾಂಡದ ತಿರುಳನ್ನು ತುರಿದು, ನೀರಿನಲ್ಲಿ ಕಿವುಚಿ, ಹಿಟ್ಟು ತೆಗೆಯುತ್ತಾರೆ. ನಮ್ಮ ಸಾಬಕ್ಕಿಗೆ ಸಾಗೋ ಎಂಬ ಹೆಸರು ಬಂದಿರುವುದು ಆ ಮರದಿಂದಲೇ, ನಮ್ಮಲ್ಲಿ ಅದನ್ನು ಮರಗೆಣಸಿನಿಂದ ಮಾಡಿದರೂ ಹೆಸರು ಉಳಿದುಕೊಂಡಿದೆ. ಕಡಿದು ಬಿಟ್ಟ ಸಾಗು ಮರದ ದಿಮ್ಮಿ ಕೊಳೆಯುವಾಗ ಮೂತಿ ಹುಳು ಬಂದು ಮೊಟ್ಟೆ ಇಡುತ್ತದೆ. ಮರಿ ಒಳಗಿನ ಹಿಟ್ಟು ತಿಂದು ಕೊಬ್ಬುತ್ತದೆ. ಜನ ಅದನ್ನು ಹೆಕ್ಕಿ ತಂದು ಹಸಿಯಾಗಿಯೋ ಹುರಿದೋ ತಿನ್ನುತ್ತಾರೆ. ನಾನು ಹುರಿದದ್ದನ್ನು ತಿಂದೆ. ಹೊರಗೆ ಗರಿಗರಿ, ಒಳಗೆ ತೆಂಗಿನ ಹಾಲು ಗಟ್ಟಿಯಾದ ಹಾಗೆ ಜಿಡ್ಡು. ಅಷ್ಟೇ. ಹುಳುವಿನ ವಿಷಯ ಇಲ್ಲಿಗೆ ಸಾಕು.

ನನ್ನನ್ನು ನಿಜವಾಗಿ ನಿಲ್ಲಿಸಿದ್ದು ಸಂತೆಯ ಇನ್ನೊಂದು ಮೂಲೆ. ಅಲ್ಲಿ ಸಾಲಾಗಿ ಗಾಜಿನ ಬಾಟಲಿ, ಪ್ಲಾಸ್ಟಿಕ್ ಡಬ್ಬಿ. ಒಳಗೆ ಹಳದಿ, ಬೂದು, ಕಂದು ಬಣ್ಣದ ಏನೇನೋ. ಹತ್ತಿರ ಹೋದರೆ ಹುಳಿ ವಾಸನೆ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದಾಗ ಬರುತ್ತದಲ್ಲ, ಆ ಥರದ್ದು, ಆದರೆ ಅದಕ್ಕಿಂತ ಗಾಢ. ಆಗ ನನಗೆ ಅನ್ನಿಸಿದ್ದು ಇಷ್ಟು: ಈ ಜನರ ಅಡುಗೆಯ ಜೀವ ಇರುವುದು ಹುಳಿಯಲ್ಲಿ. ಬೇಗ ಕೆಡುವಂಥದ್ದನ್ನು ಕೆಡದ ಹಾಗೆ ಇಡುವ ವಿದ್ಯೆಯಲ್ಲಿ.

ಬೊಸೌ ಎಂಬುದನ್ನೇ ತೆಗೆದುಕೊಳ್ಳಿ. ಹೊಳೆಮೀನನ್ನು ಶುಚಿ ಮಾಡಿ, ನೀರು ಬಸಿದು, ಉಪ್ಪು ಮತ್ತು ಆರಿದ ಅನ್ನದ ಜೊತೆ ಕಲಸಿ, ಜಾಡಿಯಲ್ಲಿ ಗಾಳಿಯಾಡದಂತೆ ಒತ್ತಿ ತುಂಬಿ ಮುಚ್ಚಿಡುತ್ತಾರೆ. ಒಂದೆರಡು ವಾರದಲ್ಲಿ ಅನ್ನ ಹುಳಿಯಾಗುತ್ತದೆ, ಆ ಹುಳಿ ಮೀನನ್ನು ಹಿಡಿದು ನಿಲ್ಲಿಸುತ್ತದೆ. ದೋಸೆ ಹಿಟ್ಟು ರಾತ್ರಿ ಬೆಳಗಾಗುವುದರೊಳಗೆ ಉಬ್ಬಿ ಹುಳಿ ಬರುವುದು ಯಾವ ಜಾತಿಯ ಸೂಕ್ಷ್ಮಜೀವಿಗಳಿಂದಲೋ, ಇಲ್ಲೂ ಆ ಜಾತಿಯವೇ ಕೆಲಸ ಮಾಡುವುದು. ಕಾಡುಹಂದಿ ಮಾಂಸದಲ್ಲೂ ಬೊಸೌ ಮಾಡುವುದುಂಟು. ಹಾಗೇ ತಿನ್ನಬಹುದು, ಈರುಳ್ಳಿ ಮೆಣಸಿನಕಾಯಿ ಹಾಕಿ ಬಾಡಿಸಿಯೂ ತಿನ್ನಬಹುದು.

ಆದರೆ ಇದರಲ್ಲಿ ಇನ್ನೊಂದು ವಸ್ತು ಬೀಳುತ್ತದೆ. ಅದರ ಹೆಸರು ಪಂಗಿ. ಕಾಡಿನ ಒಂದು ದೊಡ್ಡ ಮರದ ಬೀಜ. ಹಸಿಯಾಗಿ ತಿಂದರೆ ವಿಷ, ಅದೂ ಸಯನೈಡ್. ಅದನ್ನು ಬೇಯಿಸಿ, ನೆನೆಸಿ, ತೊಳೆದು ವಿಷ ಇಳಿಸುತ್ತಾರೆ. ಆಮೇಲೆ ಅದನ್ನೇ ಜಜ್ಜಿ ಮೀನಿಗೆ ಬೆರೆಸುತ್ತಾರೆ, ಮೀನು ಕೊಳೆಯದಿರಲಿ ಅಂತ. ಯೋಚನೆ ಮಾಡಿ. ಮನುಷ್ಯನನ್ನು ಕೊಲ್ಲಬಲ್ಲ ಒಂದು ಬೀಜವನ್ನು ಪಳಗಿಸಿ, ಅದನ್ನು ಮೀನಿನ ಕಾವಲಿಗೆ ಕೂರಿಸಿದ್ದಾರೆ. ಎಷ್ಟು ಹೊತ್ತು ಬೇಯಿಸಬೇಕು, ಎಷ್ಟು ಸಲ ನೀರು ಚೆಲ್ಲಬೇಕು ಎಂಬುದನ್ನು ಯಾರೋ ಕಲಿತಿರಬೇಕು, ಕಲಿಯುವಾಗ ಯಾರೋ ನೋವು ತಿಂದಿರಬೇಕು, ಅದು ತಾಯಿಯಿಂದ ಮಗಳಿಗೆ ಬಾಯಿಮಾತಿನಲ್ಲೇ ಬಂದಿರಬೇಕು. ನಮ್ಮ ಮಲೆನಾಡಿನಲ್ಲಿ, ಕೊಡಗಿನಲ್ಲಿ ಮಳೆಗಾಲದ ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತಾ ಮೂರು ದಿನ ನೆನೆಸಿಡುವುದು ಯಾಕೆ? ಎಳೆ ಬಿದಿರಿನಲ್ಲಿ ಇರುವುದೂ ಅದೇ ಬಗೆಯ ವಿಷ. ನಮ್ಮಜ್ಜಿಗೆ ಸಯನೈಡ್ ಎಂಬ ಪದ ಗೊತ್ತಿರಲಿಲ್ಲ, ಮೂರು ದಿನ ಎಂಬ ಲೆಕ್ಕ ಮಾತ್ರ ಒಂದು ಸಲವೂ ತಪ್ಪಲಿಲ್ಲ.

ಬೆಂಕಿಯನ್ನೇ ಮುಟ್ಟಿಸದ ಒಂದು ಮೀನಿನ ಅಡುಗೆ ಇದೆ. ಹೆಸರು ಹಿನಾವಾ. ಇದು ಕರಾವಳಿಯ ಕಡಜಾನ್ ಮನೆಗಳಲ್ಲಿ ಹೆಚ್ಚು. ಆಗಷ್ಟೇ ಹಿಡಿದು ತಂದ ಅಂಜಲ್ ಮೀನು, ಉತ್ತರ ಕನ್ನಡದವರು ಇಸ್ವಾಣ ಅನ್ನುತ್ತಾರಲ್ಲ, ಆ ಜಾತಿಯ ಮೀನನ್ನು ತೆಳ್ಳಗೆ ಕೊಯ್ದು, ಮೇಲೆ ನಿಂಬೆರಸ ಹಿಂಡುತ್ತಾರೆ. ನೋಡನೋಡುತ್ತಾ ಮೀನಿನ ಮಾಂಸ ಬೆಂದ ಹಾಗೆ ಬೆಳ್ಳಗಾಗುತ್ತದೆ. ಬಿಸಿ ಮಾಡುವ ಕೆಲಸವನ್ನು ಹುಳಿ ಅರ್ಧ ಮಾಡುತ್ತದೆ. ಅರ್ಧ ಎಂದು ಯಾಕೆ ಹೇಳಿದೆ ಅಂದರೆ, ಬೆಂಕಿ ಕೊಲ್ಲುವ ಎಲ್ಲವನ್ನೂ ನಿಂಬೆರಸ ಕೊಲ್ಲುವುದಿಲ್ಲ. ಅದಕ್ಕೇ ಮೀನು ತೀರಾ ತಾಜಾ ಇರಬೇಕು, ಮನೆಯಲ್ಲಿ ಸುಮ್ನೆ ಪ್ರಯೋಗಕ್ಕೆ ಇಳಿಯಬೇಡಿ. ಅದಕ್ಕೆ ಸಣ್ಣ ಈರುಳ್ಳಿ, ಶುಂಠಿ, ಸೂಜಿಮೆಣಸು, ತೆಳ್ಳಗೆ ಹೆಚ್ಚಿದ ಹಾಗಲಕಾಯಿ. ಹುಳಿ, ಖಾರ, ಕಹಿ ಮೂರೂ ಒಂದೇ ತುತ್ತಿನಲ್ಲಿ. ಕೊನೆಗೆ ಒಂದು ಪುಡಿ ಉದುರಿಸುತ್ತಾರೆ. ಅದು ಬಂಬಂಗಾನ್ ಎಂಬ ಕಾಡುಮಾವಿನ ಗೊರಟೆಯ ತುರಿ.

ಬಂಬಂಗಾನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇದು ಬೋರ್ನಿಯೋ ದ್ವೀಪದ ಸ್ವಂತ ಮಾವು. ಕಂದು ಬಣ್ಣ, ಒರಟು ದಪ್ಪ ಸಿಪ್ಪೆ, ಗಾತ್ರ ಸಣ್ಣ ತೆಂಗಿನಕಾಯಿಯಷ್ಟು. ಮಾವು ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ಕೊಯ್ದರೆ ಒಳಗೆ ಹಳದಿ, ನಾರು ನಾರು, ಹುಳಿ, ವಾಸನೆಯಂತೂ ಮನೆಯೆಲ್ಲ ತುಂಬುತ್ತದೆ. ಅದನ್ನು ಹೋಳು ಮಾಡಿ, ಉಪ್ಪು ಹಾಕಿ, ಅದರದೇ ಗೊರಟೆಯನ್ನು ತುರಿದು ಬೆರೆಸಿ ಜಾಡಿಗೆ ತುಂಬುತ್ತಾರೆ. ಹುರಿದ ಮೀನಿನ ಜೊತೆ, ಬಿಸಿ ಅನ್ನದ ಜೊತೆ ಅದು ಬೇಕೇ ಬೇಕು. ನನಗೆ ಅಲ್ಲಿ ನೆನಪಾದದ್ದು ಶಿರಸಿ ಸಾಗರದ ಕಡೆಯ ಅಪ್ಪೆಮಿಡಿ. ಹೊಳೆದಂಡೆಯ ಕಾಡುಮರ, ಅದಕ್ಕೆ ತನ್ನದೇ ಪರಿಮಳ, ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಇಡುವ ಪದ್ಧತಿ.

ತುಹಾವು ಎಂಬ ಇನ್ನೊಂದು ಉಪ್ಪಿನಕಾಯಿಯೂ ಇದೆ. ಶುಂಠಿ, ಏಲಕ್ಕಿಯ ಕುಲದ ಒಂದು ಕಾಡುಗಿಡದ ಎಳೆ ದಂಟನ್ನು ಸಣ್ಣಗೆ ಕೊಚ್ಚಿ, ಉಪ್ಪು, ಹುಳಿ, ಮೆಣಸು ಸೇರಿಸಿದ್ದು. ಅದರ ವಾಸನೆ ಕೆಲವರಿಗೆ ಪ್ರಾಣ, ಕೆಲವರು ಎದ್ದು ಹೋಗುತ್ತಾರೆ. ನನಗೆ ಮೊದಲ ದಿನ ಆಗಲಿಲ್ಲ, ಮೂರನೇ ದಿನ ನಾನೇ ಕೇಳಿ ಹಾಕಿಸಿಕೊಂಡೆ.

ಅವತ್ತು ಮಧ್ಯಾಹ್ನ ಗೆಳೆಯರ ಮನೆಯಲ್ಲಿ ಊಟ. ಅಡುಗೆ ಅವರ ಅಜ್ಜಿಯದು. ದುಸುನ್ ಭಾಷೆಯಲ್ಲಿ ಅಜ್ಜಿಗೆ ಓಡು ಎನ್ನುತ್ತಾರೆ. ನಮ್ಮ ಕಿವಿಗೆ ವಿಚಿತ್ರ ಅನ್ನಿಸಿದರೂ ಒಂದೆರಡು ಸಲ ಕರೆದರೆ ಸಲೀಸಾಗುತ್ತದೆ. ಪಿನಾಸಾಕಾನ್ ಎಂಬ ಮೀನಿನ ಸಾರು ಒಲೆಯ ಮೇಲಿತ್ತು. ಸಣ್ಣ ಮೀನು, ಹಸಿ ಅರಿಶಿನ, ಶುಂಠಿ, ಮತ್ತೆ ತಾಕೊಬ್ ಆಕೊಬ್ ಎಂಬ ಒಣಗಿದ ಹಣ್ಣಿನ ಸಿಪ್ಪೆ. ಸಿಪ್ಪೆಯನ್ನು ಕೈಗೆ ತೆಗೆದುಕೊಂಡು ಮೂಸಿದರೆ ಗುರುತು ಹತ್ತಿತು. ನಮ್ಮ ಉಪ್ಪಾಗೆ, ಮುರುಗಲು ಇವೆಯಲ್ಲ, ಅವುಗಳದೇ ಕುಲ. ಕೊಡಗಿನವರು ಪಂದಿ ಕರಿಗೆ ಹಾಕುವ ಕಾಚಂಪುಳಿಯೂ ಆ ಕುಲದ ಹಣ್ಣಿನದೇ. ನೀರು ಇಂಗುವ ತನಕ ಸಣ್ಣ ಉರಿಯಲ್ಲಿ ಬೇಯಿಸಿಟ್ಟರೆ ಫ್ರಿಜ್ ಇಲ್ಲದೆಯೂ ನಾಳೆಗೆ ಉಳಿಯುತ್ತದೆ. ಪಕ್ಕದಲ್ಲಿ ಒಂದು ಸೊಪ್ಪಿನ ಪಲ್ಯ. ಅಲ್ಲಿ ಅದನ್ನು ಸಯೂರ್ ಮಾನಿಸ್, ಅಂದರೆ ಸಿಹಿ ಸೊಪ್ಪು ಎನ್ನುತ್ತಾರೆ. ನಮ್ಮ ಹಿತ್ತಲ ಚಕ್ರಮುನಿ ಸೊಪ್ಪೇ ಅದು.

ಅನ್ನ ಬಂದದ್ದು ಎಲೆಯ ಪೊಟ್ಟಣದಲ್ಲಿ. ಲಿನೋಪೋಟ್ ಎಂದು ಅದರ ಹೆಸರು. ಬೆಟ್ಟದ ಭತ್ತದ ಅನ್ನಕ್ಕೆ ಬೇಯಿಸಿದ ಗೆಣಸೋ ಕುಂಬಳವೋ ಮಸೆದು ಸೇರಿಸಿ, ಅಗಲ ಎಲೆಯಲ್ಲಿ ಬಿಗಿಯಾಗಿ ಕಟ್ಟುತ್ತಾರೆ. ತಾರಪ್ ಎಂಬ, ಹಲಸಿನ ನೆಂಟ ಮರದ ಎಲೆಯನ್ನೂ ಬಳಸುತ್ತಾರೆ. ಬೆಳಗ್ಗೆ ಗದ್ದೆಗೆ ಹೋಗುವವರ ಬುತ್ತಿ ಇದು. ಎಲೆ ಬಿಚ್ಚಿದರೆ ಅದೇ ತಟ್ಟೆ, ಉಂಡಾದ ಮೇಲೆ ಅಲ್ಲೇ ಮಣ್ಣಿಗೆ. ಅಕ್ಕಿಯಿಂದ ಲಿಹಿಂಗ್ ಎಂಬ ಸಿಹಿ ಮದ್ಯವನ್ನೂ ಮಾಡುತ್ತಾರೆ. ಅದು ಬರೀ ಕುಡಿಯುವುದಕ್ಕಲ್ಲ. ಲಿಹಿಂಗ್ ಮತ್ತು ಶುಂಠಿ ಹಾಕಿದ ಕೋಳಿ ಸಾರು ಅಲ್ಲಿ ಬಾಣಂತಿಯ ಪಥ್ಯ.

ಅಕ್ಕಿ ಅವರಿಗೆ ಯಾಕೆ ಇಷ್ಟು ದೊಡ್ಡದು ಎಂಬುದಕ್ಕೆ ಒಂದು ಕಥೆ ಇದೆ. ಬರಗಾಲ ಬಂದು ಜನ ಹಸಿವಿನಿಂದ ಸಾಯುತ್ತಿದ್ದಾಗ ಸೃಷ್ಟಿಕರ್ತ ಕಿನೊಯಿಂಗಾನ್ ತನ್ನ ಮಗಳು ಹುಮಿನೋಡುನಳನ್ನೇ ಬಲಿ ಕೊಟ್ಟನಂತೆ. ಅವಳ ಮಾಂಸದಿಂದ ಭತ್ತ ಹುಟ್ಟಿತು, ತಲೆಯಿಂದ ತೆಂಗು, ಹಲ್ಲಿನಿಂದ ಮೆಕ್ಕೆಜೋಳ. ಅದಕ್ಕೇ ಪ್ರತಿ ವರ್ಷ ಮೇ 30 ಮತ್ತು 31ರಂದು ಕಾಮತಾನ್ ಎಂಬ ಸುಗ್ಗಿ ಹಬ್ಬ. ಅನ್ನದ ಅಗುಳನ್ನು ಚೆಲ್ಲಿದರೆ ಅಜ್ಜಿಯರು ಬೈಯುವುದು ಅಲ್ಲೂ ಇದೆ.

ಮೀನಿಗೂ ಅವರಲ್ಲಿ ಒಂದು ಕಟ್ಟುಪಾಡಿದೆ. ತಗಲ್ ಎನ್ನುತ್ತಾರೆ. ಹೊಳೆಯ ಒಂದು ಭಾಗದಲ್ಲಿ ಇಷ್ಟು ಕಾಲ ಯಾರೂ ಮೀನು ಹಿಡಿಯಬಾರದು ಎಂದು ಊರೇ ಸೇರಿ ತೀರ್ಮಾನ ಮಾಡುತ್ತದೆ. ತಪ್ಪಿದರೆ ದಂಡ. ಅವಧಿ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಇಳಿದು ಹಿಡಿದು ಹಂಚಿಕೊಳ್ಳುತ್ತಾರೆ. ರಾನಾವು ಸೀಮೆಯ ಮೊರೋಲಿ ಹೊಳೆಯಲ್ಲಿ ಹೀಗೆ ಕಾಪಾಡಿದ ಮೀನುಗಳು ನೀರಿಗಿಳಿದವರ ಕಾಲಿಗೇ ಮುತ್ತುತ್ತವೆ. ಶಿಶಿಲದ ದೇವರ ಮೀನುಗಳನ್ನು ನೋಡಿದವರಿಗೆ ಆ ದೃಶ್ಯ ಕಣ್ಣಿಗೆ ಕಟ್ಟುತ್ತದೆ.

ಕಾಡುಹಂದಿಯ ವಿಷಯದಲ್ಲಿ ಮಾತ್ರ ಹಾಗೆ ಕಾಪಾಡಲು ಆಗಲಿಲ್ಲ. ಸಿನಾಲಾವು ಬಕಾಸ್ ಅಂದರೆ ಹೊಗೆಯಲ್ಲಿ ಹದ ಮಾಡಿದ ಕಾಡುಹಂದಿ ಮಾಂಸ. ರಸ್ತೆ ಬದಿಯ ಅಂಗಡಿಗಳಲ್ಲಿ ಅದು ತುಂಬಾ ಪ್ರಸಿದ್ಧ. 2021ರಲ್ಲಿ ಆಫ್ರಿಕನ್ ಹಂದಿ ಜ್ವರ ಸಬಾಕ್ಕೆ ಬಂತು. ಊರಹಂದಿಗಳ ಜೊತೆ ಕಾಡಿನ ಗಡ್ಡದ ಹಂದಿಗಳೂ ಸತ್ತವು. ಕಾಡು ಸೊರಗಿದರೆ ಅಡುಗೆಯೂ ಹೋಗುತ್ತದೆ. ಗೆಳೆಯರು ಆ ಮಾತು ಹೇಳುವಾಗ ಅಜ್ಜಿ ಸುಮ್ಮನೆ ಒಲೆ ನೋಡುತ್ತಾ ಕೂತಿದ್ದರು.

ಊಟ ಆದ ಮೇಲೆ ಅಜ್ಜಿ ನನ್ನನ್ನು ಒಂದು ಪ್ರಶ್ನೆ ಕೇಳಿದರು. ನಿಮ್ಮ ದೇಶದಲ್ಲಿ ಕಾಡುಮಾವು ಇದೆಯಾ ಅಂತ. ಮೊಮ್ಮಗ ಅನುವಾದ ಮಾಡಿ ಹೇಳಿದರು. ನಾನು ಅಪ್ಪೆಮಿಡಿಯ ಬಗ್ಗೆ ಹೇಳಿದೆ, ಉಪ್ಪು, ಭರಣಿ, ಸೊನೆಯ ಪರಿಮಳ ಎಲ್ಲವನ್ನೂ. ಅವರು ಕೇಳಿಸಿಕೊಂಡು, ಮತ್ತೆ ಗೊರಟೆ ಏನು ಮಾಡುತ್ತೀರಿ ಅಂದರು. ಮಿಡಿಯಲ್ಲಿ ಗೊರಟೆ ಬಲಿತಿರುವುದಿಲ್ಲ, ಇಡಿಯಾಗಿಯೇ ಉಪ್ಪಿಗೆ ಹಾಕುತ್ತೇವೆ, ಇಡಿಯಾಗಿಯೇ ತಿನ್ನುತ್ತೇವೆ ಅಂದೆ. ಅಜ್ಜಿ ತಲೆ ಆಡಿಸಿದರು. ಎದ್ದು ಒಳಗೆ ಹೋಗಿ, ಬಂಬಂಗಾನ್ ಜಾಡಿಯ ಮುಚ್ಚಳ ತೆಗೆದು, ನನ್ನ ಎಲೆಗೆ ಇನ್ನೊಂದು ಚಮಚ ಹಾಕಿದರು.

ನಮಸ್ಕಾರ.