ಶೋಕೇಸ್ ತುಂಬೈತಿ, ಆದ್ರ ಕಣ್ಣಿಗೆ ಏನೂ ಬೀಳವಲ್ದು!

[ದೃಶ್ಯ: ಕೊಪ್ಪಳದ ಒಂದು ಮನೆಯ ಹಾಲ್. ಟಿವಿ ಪಕ್ಕದ ಗಾಜಿನ ಶೋಕೇಸ್.]

ನಮಸ್ಕಾರ್ರಿ. ಈ ಶೋಕೇಸ್ ನೋಡ್ರಿ. ಗೃಹಪ್ರವೇಶಕ್ಕ ಬಂದ ಗಡಿಯಾರ, ಮಗನ ಶಾಲಿ ಶೀಲ್ಡು, ಪ್ಲಾಸ್ಟಿಕ್ ಹೂವು, ಡಬ್ಬಿನೂ ಬಿಚ್ಚದ ಟೀ ಸೆಟ್ಟು. ಇವುಗಳ ಹಿಂದ ಒಂದು ಕಿನ್ನಾಳದ ಕಟ್ಟಿಗಿ ಗೊಂಬಿ, ಕಾಮಧೇನು, ನಿಂತೈತಿ. ಕಂಡ್ತೇನು? ಇಲ್ಲ.

ಮೊದಲು ಎಲ್ಲಾ ಹೊರಗ ತಗೀರಿ. ಎಲ್ಲಾ ಅಂದ್ರ ಎಲ್ಲಾ. ಆಮ್ಯಾಲ ಒಂದು ಹಲಗಿಗೆ ಒಂದು ದೊಡ್ಡದು, ಬಾಜೂಕ ಒಂದೆರಡು ಸಣ್ಣವು. ಉಳಿದದ್ದು ಟ್ರಂಕಿನಾಗ ಇಡ್ರಿ. ಯುಗಾದಿಗೆ, ದಸರಾಕ್ಕ ಅದಲಿ ಬದಲಿ ಮಾಡ್ರಿ. "ಕೊಟ್ಟವ್ರು ಬ್ಯಾಸರ ಮಾಡ್ಕೊಂತಾರ" ಅಂತೀರಿ? ಅವ್ರು ಬರೋ ದಿನ ತಗದು ಇಡ್ರಿ, ಮುಗೀತು.

[ದೃಶ್ಯ: ಕಾಮಧೇನು, ತೀರಾ ಹತ್ತಿರದಿಂದ. ಕೊರಳ ಸರದ ಮೇಲೆ ಬೆರಳು.]

ಈ ಸರ ಉಬ್ಬಿದಂಗ ಐತಲ್ಲ, ಕೆತ್ತಿದ್ದಲ್ಲ ಇದು. ಸಣ್ಣ ಕಲ್ಲಿನ ಪುಡಿ ಅಂಟಿಗೆ ಕಲಿಸಿ ಮ್ಯಾಲ ಎಳದದ್ದು. ಒಳಗಿರೋದು ಹಗೂರ ಕಟ್ಟಿಗಿ. ಅದರ ತುಂಡು ಕೂಡಿಸೋದು ಹುಣಸಿ ಬೀಜದ ಅಂಟಿನಿಂದ. ಸಂದಿಗೆ ಕಟ್ಟಿಗಿ ಹೊಟ್ಟು ಮತ್ತ ಅದೇ ಅಂಟು ಕಲಿಸಿದ 'ಕಿಟ್ಟ' ತುಂಬ್ತಾರ ಈ ಗೊಂಬಿ ಮಾಡೋ ಚಿತ್ರಗಾರರು. ಈಗ ಹೇಳ್ರಿ, ಹಸಿ ಅರಿವಿ ತಗೊಂಡು ಇದನ್ನ ಒರಸಬಹುದೇನು? ಬಚ್ಚಲದ ಗ್ವಾಡಿಗೆ ಹತ್ತಿ ಇಡಬಹುದೇನು? ಬ್ಯಾಡ್ರಿ. ಪಡುವಣ ಕಿಡಕಿಯಾಗೂ ಬ್ಯಾಡ. ನಮ್ಮ ಕಡಿ ಬ್ಯಾಸಗಿ 40 ಡಿಗ್ರಿ ದಾಟ್ತೈತಿ. ಕಟ್ಟಿಗಿ ಒಣಗಿ ಸಂದಿ ಬಿಡ್ತೈತಿ, ಬಣ್ಣ ಮಾಸ್ತೈತಿ. ಒಣ ಬ್ರಶ್ಶಿನಿಂದ ಧೂಳು ಝಾಡಿಸಿದ್ರ ಸಾಕು.

ಎತ್ತರ? ಸೋಫಾದ ಮ್ಯಾಲ ಕುಂತವ್ರ ಕಣ್ಣಿಗೆ ಸಮ, ನೆಲದಿಂದ ಮೂರೂವರಿ ಅಡಿ ಆಜುಬಾಜು. ಬಣ್ಣ ಇದರಾಗ ಬೇಕಾದಷ್ಟು ಐತಿ, ಹಿಂದಿನ ಗ್ವಾಡಿ ಸಪ್ಪಗ ಇದ್ರ ಚಲೋ. ವಾಲ್‌ಪೇಪರ್ ಹೂವಿನ ಮುಂದ ಕಾಮಧೇನು ಇಟ್ರ ಎರಡೂ ಜಗಳಕ್ಕ ಬೀಳ್ತಾವ.

[ದೃಶ್ಯ: ಬಿದರಿ ಹೂದಾನಿ. ಮೊದಲು ತೇಗದ ಹಲಗೆ, ಆಮೇಲೆ ಬಿಳಿ ಗೋಡೆ ಮುಂದೆ.]

ಬಿದರಿ ಸಾಮಾನಿಗೂ ಬಿಳಿ ಗ್ವಾಡಿನ ಬೇಕು. ಕಪ್ಪು ಕಟ್ಟಿಗಿ ಮುಂದ ಇಟ್ರ ಹೂದಾನಿನ ಮಾಯ! ಅಜ್ಜಿ ಹಿತ್ತಾಳಿ ತಿಕ್ಕಿದಂಗ ಹುಣಸಿಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ ಮತ್ತ. ಬಿದರಿಯ ಆ ಕಪ್ಪು ಬಣ್ಣ ಬರೋದು ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನೋ ಉಪ್ಪು ಕೂಡಿದ ನೀರಿನಿಂದ. ಹುಳಿ ಹಚ್ಚಿದ್ರ ಅದೇ ಹೋಗ್ತೈತಿ.

[ದೃಶ್ಯ: ಫ್ರೇಮಿನಲ್ಲಿ ಲಂಬಾಣಿ ಕಸೂತಿ.]

ಸಂಡೂರಿನ ಲಂಬಾಣಿ ಕಸೂತಿ. ಹಂಪಿಯಾಗ 2023ರ ಜುಲೈನಾಗ ಜಿ-20 ಸಭಿ ನಡದಾಗ 1,755 ಲಂಬಾಣಿ ಕಸೂತಿ ಸಾಮಾನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲಿ ಮಾಡಿದ್ರು. ದಾಖಲಿಗೆ ಅಷ್ಟು ಬೇಕು, ನಿಮ್ಮ ಪಡಸಾಲಿಗೆ ಒಂದು ಸಾಕು. ಗಣಿ ಕಡಿಯವ್ರಿಗೆ ಕೆಂಪು ಧೂಳಿನ ಬಗ್ಗೆ ನಾ ಹೇಳೋದೇನೈತಿ? ಗಾಜು ಹಾಕಿಸ್ರಿ. ಕಿಡಕಿ ಎದುರಿಗೆ ಬ್ಯಾಡ, ಬಾಜೂಕಿನ ಗ್ವಾಡಿಗೆ ಹಾಕ್ರಿ. ಓರೆ ಬೆಳಕಿನಾಗ ಆ ಸಣ್ಣ ಕನ್ನಡಿ ಮಿಂಚ್ತಾವ, ದಾರದ ಬಣ್ಣಾನೂ ಉಳೀತೈತಿ.

ಇನ್ನ ಹಳೇ ಮಣ್ಣಿನ ಮನಿ ಇದ್ದವ್ರಿಗೆ ಒಂದು ಮಾತು. ರಿಪೇರಿ ಮಾಡಿಸುವಾಗ ಗ್ವಾಡಿ ಗೂಡು ಮುಚ್ಚಿಸಬ್ಯಾಡ್ರಿ. ಅಂಥಾ ಶೋಕೇಸ್ ರೊಕ್ಕ ಕೊಟ್ರೂ ಸಿಗಂಗಿಲ್ಲ. ಒಳಗ ಸುಣ್ಣ ಹಚ್ಚಿ, ಒಂದೇ ಒಂದು ಗೊಂಬಿ ಇಡ್ರಿ. ಬಲ್ಬು ಗೊಂಬಿ ಹಿಂದ ಅಲ್ಲ, ಮುಂದ ಮ್ಯಾಲಿಂದ ಬರ್ಲಿ, ಅದೂ ಹಳದಿ ಬೆಳಕಿಂದು.

ರಾಯಚೂರು, ಬಳ್ಳಾರಿ ಮಂದಿ, ನಿಮ್ಮ ಗೂಡಿನಾಗ ಏನಿಟ್ಟೀರಿ? ಕಾಮೆಂಟಿನಾಗ ಹಾಕ್ರಿ.